ಕೊಳಲು ಕೇಳುತ್ತ ಬರೆದ ಕಣ್ಣು

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ, ಕೃತಕ ಕಣ್ಣು ಮಾಡುವವರ ಮನೆಯಿತ್ತು. ಮುಂದಿನ ಕೋಣೆ ಕೆಲಸಕ್ಕೆ, ಹಿಂದಿನ ಎರಡು ಕೋಣೆ ಸಂಸಾರಕ್ಕೆ. ಊರಿನಲ್ಲಿ ಈ ಕಸುಬು ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಮೆಟ್ಟಿಲ ಬುಡದಲ್ಲಿ ಬೋರ್ಡು ಕೂಡ ಇರಲಿಲ್ಲ. ಬರಬೇಕಾದವರು ಆಸ್ಪತ್ರೆಯಲ್ಲಿ ಕೇಳಿಕೊಂಡು, ಒಂದು ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು ಮೇಲೆ ಬರುತ್ತಿದ್ದರು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಕೊಳಲು ಕೇಳಿಸುತ್ತಿತ್ತು.

ಆ ಕೊಳಲು ಮನೆಯ ಹಿರಿಯನದು. ಅಂದರೆ ಅವನು ನುಡಿಸುತ್ತಿದ್ದನೆಂದಲ್ಲ. ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕುತ್ತಿದ್ದ. ಒಂದು ಕಾಲದಲ್ಲಿ ಅವನ ಕೈಯಿಂದ ಕಣ್ಣು ಮಾಡಿಸಿಕೊಂಡ ಸಂಗೀತದ ಮೇಷ್ಟ್ರೊಬ್ಬರು ಒಂದು ಡಬ್ಬಿ ತುಂಬ ಕ್ಯಾಸೆಟ್ಟು ಕೊಟ್ಟುಹೋಗಿದ್ದರು. ಯುರೋಪಿನ ಬರೋಕ್ ಕಾಲದ್ದು, ಮುನ್ನೂರು ವರ್ಷ ಹಳೆಯ ಸಂಗೀತ. ಅರಮನೆಯ ದೊಡ್ಡ ಮಂದಿ ಕುರಿಗಾಹಿಗಳ ವೇಷ ಹಾಕಿಕೊಂಡು ತೋಟದಲ್ಲಿ ಕುಣಿಯಲೆಂದು ಬರೆಸಿದ್ದು ಎಂದು ಮೇಷ್ಟ್ರು ವಿವರಿಸಿದ್ದರಂತೆ. ಕೊಳಲು ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುವುದು, ಪಿಟೀಲುಗಳು ಒಂದರ ಹಿಂದೊಂದು ಓಡುವುದು, ಕೆಳಗೆ ಯಾವುದೋ ವಾದ್ಯ ದುಂಬಿಯಂತೆ ಒಂದೇ ಸ್ವರ ಹಿಡಿದು ಗುಂಯ್‌ಗುಡುವುದು. ಎಲ್ಲೂ ದುಃಖದ ಸುಳಿವಿಲ್ಲ. ಮಳೆ ಬಂದರೂ ಆ ಕುರಿಗಾಹಿಗಳು ಮರದ ಕೆಳಗೆ ನಿಂತು ನಗುತ್ತಿದ್ದರೇನೋ.

"ಕುರಿ ಕಾಯೋದು ಇಷ್ಟು ಖುಷಿ ಕೆಲಸ ಆಗಿದ್ರೆ ನಾನ್ಯಾಕಮ್ಮ ಇಲ್ಲಿ ಕಣ್ಣು ಬರೀತಾ ಕೂತಿರ್ತಿದ್ದೆ," ಎಂದು ಮುದುಕ ಸೊಸೆಗೆ ಹೇಳುತ್ತಿದ್ದ. ಜೀವಮಾನದಲ್ಲಿ ಒಂದು ಕುರಿಯ ಮೈ ಸವರಿದವನಲ್ಲ. ಆದರೆ ಕೆಲಸಕ್ಕೆ ಇದೇ ಸಂಗೀತ ಬೇಕು ಎಂದು ಹಟ. ದುಃಖದ ಹಾಡು ಕೇಳುತ್ತ ಬರೆದ ಕಣ್ಣು ದುಃಖದ ಕಣ್ಣೇ ಆಗುತ್ತದೆ, ಹಾಕಿಕೊಂಡವರು ಕನ್ನಡಿ ನೋಡಿದಾಗಲೆಲ್ಲ ಅಳು ಬರುತ್ತದೆ ಎಂಬುದು ಅವನ ವಾದ.

ಸೊಸೆ ಮದುವೆಯಾಗಿ ಈ ಮನೆಗೆ ಬಂದಾಗ ಕ್ಯಾಸೆಟ್ಟಿನ ಕಾಟಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಅತ್ತೆ ತೀರಿಹೋದ ಮೇಲೆ ಮಾವನಿಗೆ ಕೈಯಾಸರೆಯಾಗಿ ಕೂತಳು. ಕಣ್ಣಿನ ಗುಳಿಯ ಅಚ್ಚು ತೆಗೆಯಲು ಪುಡಿ ಕಲಸುವುದು, ಮೇಣ ಕೆತ್ತುವುದು, ಕೆಂಪು ರೇಷ್ಮೆ ದಾರವನ್ನು ಎಳೆಯೆಳೆಯಾಗಿ ಬಿಡಿಸಿ ಬಿಳಿ ಕಣ್ಣಿನ ಮೇಲೆ ರಕ್ತನಾಳದಂತೆ ಹರಡುವುದು. ಬರಬರುತ್ತ ಕುಂಚವೂ ಅವಳ ಕೈಗೆ ಬಂತು. ಓಣಿಯವರು ಅವಳನ್ನು ಕಣ್ಣಕ್ಕ ಎಂದು ಕರೆಯತೊಡಗಿದರು. ಆ ಹೊತ್ತಿಗೆ ಸಂಗೀತವಿಲ್ಲದಿದ್ದರೆ ಅವಳ ಕುಂಚವೂ ಮುಂದೆ ಸಾಗುತ್ತಿರಲಿಲ್ಲ.

ಅವಳ ಗಂಡನಿಗೆ ಮಾತ್ರ ಕಸುಬು ಹಿಡಿಸಲಿಲ್ಲ. ಮೇಜಿನ ಮೇಲಿನ ಕಣ್ಣುಗಳೆಲ್ಲ ತನ್ನನ್ನೇ ನೋಡುತ್ತವೆ ಎಂದು ಚಿಕ್ಕಂದಿನಲ್ಲಿ ಅಳುತ್ತಿದ್ದನಂತೆ. ದೊಡ್ಡವನಾದ ಮೇಲೆ ಪೊಲೀಸ್ ಕೆಲಸಕ್ಕೆ ಸೇರಿದ. ಒಳ್ಳೆಯವನೇ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಅಪ್ಪನ ಔಷಧಿ ತರುವುದು ಮರೆತವನಲ್ಲ. ಹೆಂಡತಿ ಕಾಯಿಲೆ ಬಿದ್ದಾಗ ಅವಳ ತಲೆ ಬಾಚಿ ಜಡೆ ಹಾಕಿದವನು.

ಒಂದು ವರ್ಷ ರೈಲು ಡಬ್ಬಿ ಕಟ್ಟುವ ಕಾರ್ಖಾನೆಯನ್ನು ಮುಚ್ಚುವ ಮಾತು ಬಂತು. ಕೆಲಸಗಾರರು ಊರ ನಡುವಿನ ಚೌಕದಲ್ಲಿ ಬಂದು ಕೂತರು, ಆಮೇಲೆ ಅವರ ಹೆಂಡಿರು ಮಕ್ಕಳು, ಆಮೇಲೆ ಅರ್ಧ ಊರು. ಒಂದು ಮಧ್ಯಾಹ್ನ ಪೊಲೀಸರು ಹೊಗೆಯ ಗುಂಡು ಹಾರಿಸಿ, ಹೊಗೆಯೊಳಗೆ ರಬ್ಬರ್ ಗುಂಡು ಹೊಡೆದರು. ಯಾರೂ ಸಾಯಲಿಲ್ಲ ಎಂದು ರೇಡಿಯೋದಲ್ಲಿ ಸಮಾಧಾನದ ದನಿಯಲ್ಲಿ ಹೇಳಿದರು. ಸತ್ತವರಿರಲಿಲ್ಲ, ನಿಜ. ಆದರೆ ಗಾಯ ಮಾಗುತ್ತಿದ್ದಂತೆ ಕಣ್ಣಕ್ಕನ ಮನೆಯ ಮೆಟ್ಟಿಲ ಮೇಲೆ ಜನ ಸಾಲುಗಟ್ಟಿ ಕೂರತೊಡಗಿದರು.

ಮೊದಲು ಬರುತ್ತಿದ್ದವರು ಕಾಯಿಲೆಯಿಂದ ಕಣ್ಣು ಕಳೆದುಕೊಂಡವರು, ಇಲ್ಲವೇ ಕುಲುಮೆಯ ಕಿಡಿ ಸಿಡಿದವರು. ಈಗ ಬಂದವರು ವಿದ್ಯಾರ್ಥಿಗಳು, ಬೆಸುಗೆ ಹಾಕುವವರು, ಮಗಳನ್ನು ಹುಡುಕಿಕೊಂಡು ಚೌಕಕ್ಕೆ ಹೋಗಿದ್ದ ಒಬ್ಬ ತಾಯಿ. ಕೂತಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ, ಆದದ್ದನ್ನು ಹೇಳುತ್ತಿದ್ದರು. ಹೇಳಲು ಶುರುಮಾಡಿದ ಕೂಡಲೇ ಮುದುಕ ಎದ್ದುಹೋಗಿ ಟೇಪಿನ ಸದ್ದು ಹೆಚ್ಚಿಸುತ್ತಿದ್ದ. ಕೊಳಲು ಗಂಟಲು ಹರಿದುಕೊಂಡು ಕುಣಿಯುತ್ತಿತ್ತು. ಮಗ ಆ ದಿನ ಚೌಕದಲ್ಲಿದ್ದ ಎಂಬುದು ಅವನಿಗೂ ಗೊತ್ತು, ಸೊಸೆಗೂ ಗೊತ್ತು. ಆ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಮಗ ಮನೆಗೆ ಬಂದರೆ ಹಿಂದಿನ ಬಾಗಿಲಿನಿಂದ ಬರುತ್ತಿದ್ದ. ಒಮ್ಮೆ ಮಾತ್ರ ನಡುಬಾಗಿಲಿನಲ್ಲಿ ನಿಂತು, "ಅದನ್ನ ಸ್ವಲ್ಪ ನಿಲ್ಸಪ್ಪ, ತಲೆ ಸಿಡೀತಿದೆ," ಎಂದ.

"ಅದು ನಿಂತ್ರೆ ನನ್ನ ಕೈನೂ ನಿಲ್ಲುತ್ತೆ. ಜನ ಕಾಯ್ತಿದಾರೆ," ಎಂದ ಅಪ್ಪ, ತಿರುಗಿ ನೋಡದೆ.

ಆದರೆ ಅವನ ಕೈ ಆಗಲೇ ನಿಲ್ಲುವ ಹಂತಕ್ಕೆ ಬಂದಿತ್ತು. ಕುಂಚ ಹಿಡಿದರೆ ನಡುಗುತ್ತಿತ್ತು. ಮೂರು ಸಲ ಕೆಟ್ಟ ಒಂದು ಕಣ್ಣನ್ನು ಸೊಸೆಯ ಕಡೆ ಸರಿಸಿ, "ಇನ್ನು ನೀನೇ ನೋಡ್ಕೊ ತಾಯಿ," ಎಂದು ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತ. ಕ್ಯಾಸೆಟ್ಟು ತಿರುಗಿಸಿ ಹಾಕುವುದೊಂದೇ ಅವನ ಕೆಲಸವಾಯಿತು.

ಬೇಕರಿಯ ಹುಡುಗಿ ಬಂದದ್ದು ಆ ದಿನಗಳಲ್ಲಿ. ಚೌಕದ ಮೂಲೆಯ ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಕಟ್ಟಿಕೊಡುವ ಕೆಲಸ ಅವಳದು. ಗಟ್ಟಿ ಮೈಕಟ್ಟು, ಮೊಂಡು ಬೆರಳು, ಎಡಗಣ್ಣು ಇರಲಿಲ್ಲ. ಬಲಗಣ್ಣು ಅಪರೂಪದ ಬಣ್ಣ: ದೂರದಿಂದ ಕಂದು, ಹತ್ತಿರ ಹೋದರೆ ಒಳಗೆ ಹಸಿರಿನ ಎಳೆಗಳು, ಅದರಾಚೆ ತುಕ್ಕಿನಂಥ ಒಂದು ಚುಕ್ಕೆ. ಕಣ್ಣಕ್ಕ ನೋಡಿದವಳೇ, "ನಿನ್ನ ಕಣ್ಣು ನನ್ನ ಜೀವ ತೆಗೆಯುತ್ತೆ ಕಣೇ," ಎಂದಳು.

"ನನ್ನ ಜೀವನೂ ಅದೇ ತೆಗೀತಿದೆ ಅಕ್ಕ," ಎಂದು ಹುಡುಗಿ ನಕ್ಕಳು. ನಕ್ಕಾಗ ಖಾಲಿ ರೆಪ್ಪೆ ಒಳಕ್ಕೆ ಕುಸಿಯಿತು. ಕಣ್ಣಕ್ಕ ಪುಡಿ ಕಲಸುವ ಬಟ್ಟಲಿನ ಕಡೆ ತಿರುಗಿದಳು.

ಅಚ್ಚು ತೆಗೆದದ್ದಾಯಿತು, ಮೇಣದ ಮಾದರಿ ಕೂರಿಸಿ ರೆಪ್ಪೆ ಮುಚ್ಚುತ್ತದೆಯೇ ನೋಡಿದ್ದಾಯಿತು. ಬಣ್ಣ ಹಾಕುವ ದಿನ ಹುಡುಗಿ ಕಿಟಕಿಗೆ ಮುಖ ಮಾಡಿ ಕೂತಳು. ಅವಳೆದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕಣ್ಣಕ್ಕ. ಗುಂಡಿಯಷ್ಟು ಸಣ್ಣ ಬಿಲ್ಲೆಯ ಮೇಲೆ ಬಣ್ಣದ ಮೇಲೆ ಬಣ್ಣ ಇಡುತ್ತ ಹೋಗಬೇಕು. ಪಕ್ಕದಲ್ಲಿ ಕೊಳಲು ಜೋರಾಗಿ ಕುಣಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಇದೇನು ಚೆಂದ ಎಂದು ಕಣ್ಣಕ್ಕನಿಗೇ ನಾಚಿಕೆಯಾಗಿ, "ಮಾವ, ಸ್ವಲ್ಪ ನಿಲ್ಸ್ತೀರಾ?" ಎಂದಳು.

"ಇರಲಿ ಅಕ್ಕ," ಎಂದಳು ಹುಡುಗಿ. "ಸದ್ದಿಲ್ದೆ ಇದ್ರೆ ನನಗೆ ಅವತ್ತಿನ ಸದ್ದೇ ಕೇಳ್ಸೋದು."

ಮುದುಕ ನಿಲ್ಲಿಸಲೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಈ ಸಲ ಸದ್ದನ್ನು ಹೆಚ್ಚಿಸಲಿಲ್ಲ. ಹುಡುಗಿ ಹೇಳತೊಡಗಿದಳು. ಅವಳು ಮೆರವಣಿಗೆಗೆ ಹೋದವಳೇ ಅಲ್ಲ. ಹೊಗೆ ಒಳಗೆ ಬರುತ್ತದೆಂದು ಅಂಗಡಿಯ ಷಟರ್ ಎಳೆಯಲು ಕೊಕ್ಕೆ ಹಿಡಿದು ಹೊರಗೆ ಬಂದಿದ್ದಳು. ಷಟರ್ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಎದುರುಗಡೆ ಒಬ್ಬ ಪೊಲೀಸಿನವನು, ಹೊಗೆಗೆ ಕಣ್ಣು ಉರಿದಿತ್ತೋ ಏನೋ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಮುಖ ಒರೆಸಿಕೊಳ್ಳುತ್ತಿದ್ದ.

"ನನ್ನ ನೋಡ್ದ ಅಕ್ಕ. ನಾನೂ ನೋಡ್ದೆ. ಷಟರ್ ಎಳೀತಿದೀನಿ ಅಂತ ಕೈ ತೋರಿಸ್ದೆ. ಗಾಜು ಕೆಳಗೆ ಹಾಕ್ಕೊಂಡ. ಆಮೇಲೆ ಹೊಡೆದ."

"ಅಲ್ಲಾಡಬೇಡ," ಎಂದಳು ಕಣ್ಣಕ್ಕ. ಚೌಕದಲ್ಲಿ ಪೊಲೀಸರು ನೂರಾರು ಮಂದಿ ಇದ್ದರು. ಆ ನೂರರಲ್ಲಿ ಅವನೇ ಯಾಕಾಗಬೇಕು ಎಂದು ತನಗೆ ತಾನೇ ಹೇಳಿಕೊಂಡು ಹಸಿರಿನ ಎಳೆಗಳನ್ನು ಬರೆದಳು. ಆ ದಿನ ಕೆಲಸ ಮುಗಿಯಲಿಲ್ಲ. ತುಕ್ಕಿನ ಚುಕ್ಕೆ ಮುಂದಿನ ಬಾರಿಗೆ ಉಳಿಯಿತು.

ಮುಂದಿನ ಬಾರಿ ಹುಡುಗಿ ಕೂತಿದ್ದಾಗ ಗಂಡ ಬಂದ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಬಡಿದದ್ದು ಪಿಟೀಲುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಸುತ್ತಿಕೊಂಡು ಮುಂದಿನಿಂದ ಬಂದ. ಸಮವಸ್ತ್ರವಿರಲಿಲ್ಲ, ಮನೆಯ ಶರ್ಟು. ಕೈಯಲ್ಲಿ ಅಪ್ಪನ ಔಷಧಿಯ ಪೊಟ್ಟಣ. ಬಾಗಿಲಲ್ಲಿ ನಿಂತವನು ಮೊದಲು ಅಪ್ಪನನ್ನು ನೋಡಿದ, ಆಮೇಲೆ ಕುರ್ಚಿಯಲ್ಲಿ ಕೂತವಳನ್ನು.

ಹುಡುಗಿ ಕೂಗಲಿಲ್ಲ. ಅವಳ ಬಲಗಣ್ಣನ್ನೇ ಇಷ್ಟು ದಿನ ನೋಡುತ್ತಿದ್ದ ಕಣ್ಣಕ್ಕನಿಗೆ ಮಾತು ಬೇಕಾಗಲಿಲ್ಲ. ಆ ಕಣ್ಣಿನ ಪಾಪೆ ಹಿಗ್ಗಿ ಹಸಿರನ್ನೆಲ್ಲ ನುಂಗಿಹಾಕಿತು. ಗಂಡ ಪೊಟ್ಟಣವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಬಂದ ಮೆಟ್ಟಿಲಲ್ಲೇ ಇಳಿದುಹೋದ.

"ಅವರ್ಯಾರು ಅಕ್ಕ?"

ಕಣ್ಣಕ್ಕ ಕುಂಚವನ್ನು ನೀರಿನಲ್ಲಿ ಅದ್ದಿದಳು, ಒರೆಸಿದಳು, ಮತ್ತೆ ಅದ್ದಿದಳು. "ನನ್ನ ಗಂಡ," ಎಂದಳು.

ಕಿಟಕಿಯ ಪಕ್ಕದಲ್ಲಿ ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಕ್ಯಾಸೆಟ್ಟು ಮುಗಿದು ಟಕ್ಕೆಂದು ನಿಂತಿತು. ಯಾರೂ ಎದ್ದುಹೋಗಿ ತಿರುಗಿಸಿ ಹಾಕಲಿಲ್ಲ. ಹುಡುಗಿ ಎದ್ದು ಚೀಲ ತೆಗೆದುಕೊಂಡು ಬಾಗಿಲ ತನಕ ಹೋದಳು. ಅಲ್ಲಿ ಕನ್ನಡಿಯಿತ್ತು, ಗಿರಾಕಿಗಳಿಗೆಂದು ತೂಗುಹಾಕಿದ್ದು. ಅದರೆದುರು ಬಹಳ ಹೊತ್ತು ನಿಂತಳು. ಕೊನೆಗೆ ಹಿಂತಿರುಗಿ ಬಂದು ಕುರ್ಚಿಯಲ್ಲಿ ಕೂತಳು.

"ಬೇರೆ ಎಲ್ಲೂ ಮಾಡಲ್ವಲ್ಲ ಇದನ್ನ," ಎಂದಳು. "ಹೀಗೇ ಇದ್ರೆ ಗಿರಾಕಿಗಳು ಹೆದರ್ತಾರೆ ಅಂತ ಮಾಲೀಕರು ಒಲೆ ಹತ್ರ ಹಾಕಿದಾರೆ ನನ್ನ. ಮುಗಿಸಿಬಿಡಿ ಅಕ್ಕ."

ಕಣ್ಣಕ್ಕನೇ ಎದ್ದು ಕ್ಯಾಸೆಟ್ಟು ತಿರುಗಿಸಿ ಹಾಕಿದಳು. ಅರಮನೆಯ ಮಂದಿ ಮತ್ತೆ ಕುರಿಗಳ ನಡುವೆ ಕುಣಿಯತೊಡಗಿದರು. ಆ ಕುಣಿತದೊಳಗೆ ಕೂತು ಅವಳು ತುಕ್ಕಿನ ಚುಕ್ಕೆಯನ್ನು ಇಟ್ಟಳು. ಕೈ ನಡುಗಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಗಂಡ ಆ ರಾತ್ರಿ ಮನೆಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಬಂದು, ಅಡುಗೆಮನೆಯ ಕಿಟಕಿಗೆ ಸಣ್ಣ ಕನ್ನಡಿ ಸಿಕ್ಕಿಸಿ ಗಡ್ಡ ಬೋಳಿಸಿಕೊಳ್ಳುತ್ತ ನಿಂತ. ಅವಳು ಹಿಂದೆ ಬಂದು ನಿಂತಳು.

"ನೀವೇನಾ?"

"ಕಾಲಿಗೆ ಹೊಡೀರಿ ಅಂದಿದ್ರು. ಹೊಗೆ ಇತ್ತು."

"ಅವಳು ಕೈ ತೋರಿಸಿದ್ಲಂತೆ."

ಅವನು ಬ್ಲೇಡನ್ನು ನೀರಿನಲ್ಲಿ ಅಲ್ಲಾಡಿಸಿದ. ಅರ್ಧ ಕೆನ್ನೆಯ ಮೇಲೆ ನೊರೆ ಹಾಗೇ ಇತ್ತು. "ಅವಳ ಕೈಯಲ್ಲಿ ಕಬ್ಬಿಣದ ಕೊಕ್ಕೆ ಇತ್ತು."

"ಷಟರ್ ಎಳೆಯೋ ಕೊಕ್ಕೆ."

"ಅದು ನನಗೂ ಗೊತ್ತು."

"ಈಗ ಗೊತ್ತಾ, ಆಗಲೇ ಗೊತ್ತಿತ್ತಾ?"

ಅವನು ಕನ್ನಡಿಯೊಳಗಿನಿಂದಲೇ ಅವಳನ್ನು ನೋಡಿದ. "ಆಗಲೇ ಗೊತ್ತಿತ್ತು," ಎಂದ. "ನೋಡಿಯೇ ಹೊಡೆದೆ. ಯಾಕೆ ಅಂತ ಕೇಳಬೇಡ. ಬೆಳಿಗ್ಗೆಯಿಂದ ಬೈಸ್ಕೊಂಡು ನಿಂತಿದ್ದೆ, ಪಕ್ಕದವನಿಗೆ ಇಟ್ಟಿಗೆ ಏಟು ಬಿದ್ದಿತ್ತು. ಯಾರಾದ್ರೂ ಒಬ್ರು ಬೇಕಾಗಿತ್ತು ಅನ್ನಿಸುತ್ತೆ. ನನಗೇ ತಿಳೀಲಿಲ್ಲ." ಮತ್ತೆ ಉಳಿದ ಕೆನ್ನೆಯನ್ನು ಬೋಳಿಸಿಕೊಂಡ. ಅವಳು ಮಾಡಿಟ್ಟ ಚಹಾ ಕುಡಿದು ಕೆಲಸಕ್ಕೆ ಹೋದ.

ಕಣ್ಣು ಸಿದ್ಧವಾಯಿತು. ಅಚ್ಚಿನಲ್ಲಿ ಒತ್ತಿ ಬಿಸಿನೀರಿನಲ್ಲಿ ಬೇಯಿಸಿ, ಅಂಚು ತಿಕ್ಕಿ, ಹೊಳಪು ಕೊಟ್ಟು ಕೂರಿಸಿದಾಗ ಕಣ್ಣಕ್ಕನಿಗೇ ಒಂದು ಕ್ಷಣ ಯಾವುದು ಯಾವುದೆಂದು ತಿಳಿಯಲಿಲ್ಲ. ಅವಳ ಕೈಯಿಂದ ಅಂಥ ಕೆಲಸ ಹಿಂದೆ ಬಂದಿರಲಿಲ್ಲ. ಹುಡುಗಿ ಕನ್ನಡಿಯ ಮುಂದೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಹೋಗುವ ಮುಂಚೆ ಹೇಳಿದಳು: ಗುಂಡಿನ ವಿಚಾರಣೆಗೆ ಒಬ್ಬ ನಿವೃತ್ತ ಜಡ್ಜರನ್ನು ಹಾಕಿದ್ದಾರೆ, ಅವಳು ದೂರು ಕೊಟ್ಟಿದ್ದಾಳೆ, ಈಗ ಹೆಸರೂ ಕೊಟ್ಟಿದ್ದಾಳೆ. ಕಣ್ಣು ಹೋದದ್ದು ನಿಜವೆಂದು, ಕೃತಕ ಕಣ್ಣು ಮಾಡಿಕೊಟ್ಟವರೇ ಬಂದು ಹೇಳಿದರೆ ಒಳ್ಳೆಯದಂತೆ.

"ಬರ್ತೀರಾ ಅಕ್ಕ?"

"ಬರ್ತೀನಿ," ಎಂದಳು ಕಣ್ಣಕ್ಕ. ಮಾವ ಕೇಳಿಸಿಕೊಂಡ. ಊಟಕ್ಕೆ ಕೂತಾಗ, "ಅವನಿಗೆ ಈ ವಾರ ಒಂದು ಶರ್ಟು ಇಸ್ತ್ರಿ ಮಾಡಿಡು, ವಿಚಾರಣೆಗೆ ಹಾಕ್ಕೊಂಡು ಹೋಗ್ಲಿಕ್ಕೆ," ಎಂದ. ಅವಳು ಇಸ್ತ್ರಿ ಮಾಡಿಟ್ಟಳು.

ವಿಚಾರಣೆ ನಡೆದದ್ದು ಹಳೆಯ ಶಾಲೆಯೊಂದರ ಕೋಣೆಯಲ್ಲಿ. ಜಡ್ಜು ವಯಸ್ಸಾದವರು, ಸೌಮ್ಯ ಮುಖ, ಮಾತುಮಾತಿಗೂ ಕೆಮ್ಮು. ಗಂಡ ಗೋಡೆ ಬದಿಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ. ಹುಡುಗಿ ಹೇಳಬೇಕಾದದ್ದನ್ನೆಲ್ಲ ತಡವರಿಸದೆ ಹೇಳಿದಳು. ಆಮೇಲೆ ಪೊಲೀಸರ ಕಡೆಯ ವಕೀಲ ಎದ್ದ. ಅವಳನ್ನು ಬೆಳಕಿಗೆ ಬರಲು ಹೇಳಿ, ಸುತ್ತ ಒಂದು ಸಲ ನಡೆದು, ತಲೆ ಕೆರೆದುಕೊಂಡ.

"ಸ್ವಾಮಿ, ತಪ್ಪು ತಿಳ್ಕೊಬೇಡಿ," ಎಂದ. "ಇವರ ಯಾವ ಕಣ್ಣು ಹೋಗಿದೆ ಅಂತ ನನಗಂತೂ ಗೊತ್ತಾಗ್ತಿಲ್ಲ. ನಿಮಗೇನಾದ್ರೂ ಗೊತ್ತಾಗುತ್ತಾ?"

ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ನಗಬಾರದೆಂದು ತಡೆದುಕೊಂಡವರೂ ನಕ್ಕರು. ಜಡ್ಜು ಕನ್ನಡಕ ಸರಿಮಾಡಿಕೊಂಡು ಹುಡುಗಿಯ ಮುಖ ನೋಡಿದರು. ಅವರ ಮುಖದಲ್ಲಿ ಒಂದು ನಿರಾಳ ಭಾವ ಬಂದದ್ದನ್ನು ಕಣ್ಣಕ್ಕ ಕಂಡಳು. ಅಯ್ಯೋ, ಅಂಥ ಅನಾಹುತವೇನೂ ಆಗಿಲ್ಲವಲ್ಲ ಎಂಬ ಭಾವ.

ಹುಡುಗಿ ಬೆರಳಿನಿಂದ ಕೆಳರೆಪ್ಪೆ ಎಳೆದು ಕಣ್ಣನ್ನು ಹೊರಗೆ ತೆಗೆದಳು. ಜಡ್ಜರ ಮೇಜಿನ ಮೇಲಿಟ್ಟಳು. ಅದು ಒಂದು ಸಲ ತೂಗಾಡಿ, ಹಸಿರು ಕಂದು ಬಿಲ್ಲೆ ಮೇಲಾಗಿ ನಿಂತಿತು. ನಗು ನಿಂತುಹೋಯಿತು. ಆದರೆ ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದರು.

ಕಣ್ಣಕ್ಕನನ್ನು ಕರೆದರು. ಗುಳಿ ಖಾಲಿಯಿತ್ತೇ? ಇತ್ತು. ಈ ಕಣ್ಣು ನೀವು ಮಾಡಿದ್ದೇ? ಹೌದು. ಬಹಳ ಚೆನ್ನಾಗಿದೆ, ಎಂದರು ಜಡ್ಜು, ನಿಜವಾಗಿಯೇ ಮೆಚ್ಚಿ. ಇನ್ನೇನಾದರೂ ಹೇಳುವುದಿದೆಯೇ?

"ಇದೆ," ಎಂದಳು. "ಹೊಡೆದವರು ನನ್ನ ಗಂಡ. ನೋಡಿಯೇ ಹೊಡೆದೆ ಅಂತ ಅವರೇ ನನಗೆ ಹೇಳಿದ್ರು. ಷಟರಿನ ಕೊಕ್ಕೆ ಅಂತ ಅವರಿಗೆ ಆಗಲೇ ಗೊತ್ತಿತ್ತಂತೆ."

ಬರೆದುಕೊಳ್ಳುತ್ತಿದ್ದ ಗುಮಾಸ್ತನ ಕೈ ನಿಂತಿತು. ವಕೀಲ ಎದ್ದು, ಗಂಡ ಹೆಂಡತಿಗೆ ಮನೆಯಲ್ಲಿ ಆಡಿದ ಮಾತು ಸಾಕ್ಷ್ಯಕ್ಕೆ ಬರುವುದಿಲ್ಲ ಎಂದ. ಜಡ್ಜು ಕೆಮ್ಮಿ, ಹೌದು, ಬರುವುದಿಲ್ಲ, ಅದನ್ನು ಬಿಡಿ ಎಂದು ಗುಮಾಸ್ತನಿಗೆ ಹೇಳಿದರು. ಗೋಡೆ ಬದಿಯಲ್ಲಿ ಗಂಡ ಇಸ್ತ್ರಿ ಮಾಡಿದ ತೋಳನ್ನು ನೋಡಿಕೊಳ್ಳುತ್ತ ಕೂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅಷ್ಟಕ್ಕೇ ಮುಗಿಯಿತು.

ಹುಡುಗಿ ಕಣ್ಣು ತೆಗೆದುಕೊಳ್ಳದೆ ಹೊರಟುಹೋಗಿದ್ದಳು. ಕಣ್ಣಕ್ಕ ಅದನ್ನು ಮೇಜಿನಿಂದ ಎತ್ತಿಕೊಂಡು ಹಿಂದೆ ಓಡಿದಳು. ಶಾಲೆಯ ಅಂಗಳದ ನಲ್ಲಿಯ ಹತ್ತಿರ ಸಿಕ್ಕಳು, ಅಂಗೈಯಲ್ಲಿ ಅರ್ಧ ಮುಖ ಮುಚ್ಚಿಕೊಂಡು. ಕಣ್ಣಕ್ಕ ಕಣ್ಣನ್ನು ನೀರಿನಲ್ಲಿ ತೊಳೆದು ಕೊಟ್ಟಳು. ಹುಡುಗಿ ಹಾಕಿಕೊಂಡಳು.

"ತುಂಬ ಚೆನ್ನಾಗಿ ಮಾಡ್ಬಿಟ್ರಿ ಅಕ್ಕ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗೇಟು ದಾಟಿ, ದಿನವೂ ಕೆಲಸಕ್ಕೆ ಹೋಗುವವಳ ನಡಿಗೆಯಲ್ಲೇ ಬೇಕರಿಯ ಕಡೆ ಹೋದಳು. ಮುಂದೆ, ವರ್ಷಕ್ಕೊಮ್ಮೆ ಕಣ್ಣಿಗೆ ಹೊಳಪು ಕೊಡಿಸಲು ಬರಬೇಕಾದ ಹೊತ್ತಿಗೂ ಅವಳು ಬರಲಿಲ್ಲ.

ಹೊಡೆದವರು ಯಾರೆಂದು ಸಾಬೀತಾಗಲಿಲ್ಲ ಎಂದು ವಿಚಾರಣೆ ಮುಗಿಯಿತು. ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಅವನು ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಅವಳು ಮಡಿಸಿ ಮಡಿಸಿ ಕೊಟ್ಟಳು. ಅಷ್ಟು ವರ್ಷದ ಅಭ್ಯಾಸ.

"ನೀನು ಹೇಳಿದ್ರಿಂದ ಆ ಹುಡುಗಿಗೆ ಏನು ಸಿಕ್ತು?" ಎಂದು ಅವನು ಕೇಳಿದ.

"ಏನೂ ಇಲ್ಲ."

"ನಿನಗೆ?"

"ನನಗೂ ಏನಿಲ್ಲ."

"ಮತ್ತೆ ಯಾಕೆ ಹೇಳ್ದೆ?"

"ಸ್ವೆಟರ್ ಮೇಲೆ ಇಟ್ಟಿದೀನಿ, ಅಲ್ಲಿ ಚಳಿಯಂತೆ," ಎಂದಳು.

ಅವನು ಹೋದ ಕೆಲವು ದಿನಗಳಿಗೆ ಮುದುಕನೂ ಚೀಲ ಕಟ್ಟಿದ. ಸೊಸೆ ಬಾಗಿಲಿಗೆ ಅಡ್ಡ ನಿಂತು, "ನೀವೂ ಹೋಗ್ತೀರಾ ಮಾವ?" ಎಂದಳು.

"ನೀನು ಮಾಡಿದ್ದು ತಪ್ಪು ಅಂತಲ್ಲ ತಾಯಿ," ಎಂದ ಅವನು. "ಅವನಿಗೆ ಅನ್ನ ಬೇಯಿಸ್ಕೊಳ್ಳೋಕೂ ಬರಲ್ಲ. ಒಬ್ಬನೇ ಕೂತು ಏನು ಯೋಚನೆ ಮಾಡ್ತಾನೋ. ಎಷ್ಟಾದ್ರೂ ನನ್ನ ಮಗ." ಚೀಲದ ಬಾಯಿ ಬಿಗಿದು ಕಟ್ಟಿದ. "ಟೇಪು ಇಲ್ಲೇ ಇರ್ಲಿ. ಅವನಿಗೆ ಅದು ಆಗಲ್ಲ."

ಅವಳು ಅವನ ಚೀಲ ಹೊತ್ತುಕೊಂಡು ಬಸ್ಸಿನ ತನಕ ಹೋಗಿ ಹತ್ತಿಸಿ ಬಂದಳು. ಓಣಿಯಲ್ಲಿ ಕೆಲವರು ಅವಳನ್ನು ಕಂಡರೆ ಮಾತಾಡಿಸುವುದನ್ನು ಬಿಟ್ಟರು. ಗಂಡನನ್ನು ಹಿಡಿದುಕೊಟ್ಟವಳು ಎಂದು ಕೆಲವರಿಗೆ ಅಸಮಾಧಾನ, ಅಂಥವನ ಹೆಂಡತಿ ಎಂದು ಉಳಿದವರಿಗೆ. ಕೆಲಸ ಮಾತ್ರ ನಿಲ್ಲಲಿಲ್ಲ. ಕಾರ್ಖಾನೆ ಮುಚ್ಚಿತು, ಚೌಕದಲ್ಲಿ ಮತ್ತೆ ಗಲಾಟೆಯಾಯಿತು, ಮತ್ತೆ ಜನ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸದ್ದಿಲ್ಲದೆ ಕೆಲಸ ಮಾಡಿ ನೋಡೋಣವೆಂದು ಅವಳು ಒಂದೆರಡು ದಿನ ಪ್ರಯತ್ನಿಸಿದಳು. ಬರೆದದ್ದೆಲ್ಲ ಸತ್ತ ಕಣ್ಣಾಯಿತು. ಮತ್ತೆ ಕೊಳಲು ಹಾಕಿದಳು. ಕ್ಯಾಸೆಟ್ಟುಗಳು ಸವೆದು ಅಲ್ಲಲ್ಲಿ ಎಳೆದಂತೆ ಕೇಳಿಸುತ್ತಿದ್ದವು. ಕುರಿಗಾಹಿಗಳು ಕುಡಿದು ಕುಣಿದ ಹಾಗೆ.

ಒಂದು ದಿನ ಮಧ್ಯಾಹ್ನ ಬಂದವನು ಪೊಲೀಸಿನವನು. ಇನ್ನೂ ಎಳೆಯ ಮುಖ. ಕಲ್ಲೇಟಿಗೆ ಬಲಗಣ್ಣು ಹೋಗಿತ್ತು. ಕುರ್ಚಿಯ ಅಂಚಿನಲ್ಲಿ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ.

"ನಿಮ್ಮ ಯಜಮಾನರು ನಮ್ಮ ತಂಡದಲ್ಲೇ ಇದ್ರು, ಮೇಡಂ," ಎಂದ. "ಅವರ ವಿಷಯ ನೀವು ಹೇಳಿದ್ದು ಎಲ್ಲರಿಗೂ ಗೊತ್ತು. ಜೊತೆಯವರು ಇಲ್ಲಿಗೆ ಬರಬೇಡ ಅಂದ್ರು. ಬೇರೆ ಕಡೆ ಇಲ್ವಲ್ಲ."

"ಬೇರೆ ಕಡೆ ಇಲ್ಲ," ಎಂದಳು ಕಣ್ಣಕ್ಕ.

"ನನಗೆ ಹೊಡೆದವನನ್ನ ನಾನು ನೋಡ್ಲೇ ಇಲ್ಲ ಮೇಡಂ."

ಅವಳು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಉಳಿದ ಕಣ್ಣು ತಿಳಿಗಂದು, ಸುಲಭದ ಬಣ್ಣ. ಅದರಲ್ಲಿ ನೀರು ತುಂಬಿ ರೆಪ್ಪೆಯಂಚಿಗೆ ಬಂದು ನಿಂತಿತ್ತು. ಅದು ಇಳಿದುಹೋಗುವ ತನಕ ಅವಳು ಗಲ್ಲ ಬಿಡದೆ ಕಾದಳು. ಆಮೇಲೆ ಬಟ್ಟಲು ತೆಗೆದುಕೊಂಡು ಅಚ್ಚಿನ ಪುಡಿ ಕಲಸತೊಡಗಿದಳು.